ಕಿರುಚಿತ್ರ ಸ್ಪರ್ಧೆಗೆ ಕಳಿಸುವ ಮೊದಲು: ಯಾವುದಕ್ಕೆ, ಯಾಕೆ, ಯಾವಾಗ

ಉಡುಪಿ, ಮಂಗಳೂರು ಕಡೆ ಕಿರುಚಿತ್ರ ಮಾಡುವವರಿಗೆ ಈಗ ಬರಗಾಲ ಇಲ್ಲ. ಮದುವೆ ವಿಡಿಯೋ ತೆಗೆಯುವ ಹುಡುಗರ ಹತ್ತಿರ ಒಳ್ಳೆಯ ಕ್ಯಾಮೆರಾ ಉಂಟು. ತುಳು ನಾಟಕದಲ್ಲಿ ಪಳಗಿದ ಕಲಾವಿದರು ಕರೆದರೆ ಬರುತ್ತಾರೆ. ಮಲ್ಪೆಯಿಂದ ಸೋಮೇಶ್ವರದ ತನಕ ಎಲ್ಲಿ ಕ್ಯಾಮೆರಾ ಇಟ್ಟರೂ ಫ್ರೇಮ್ ತುಂಬುತ್ತದೆ. ತೊಂದರೆ ಶುರುವಾಗುವುದು ಚಿತ್ರ ಮುಗಿದ ಮೇಲೆ. ಎಡಿಟಿಂಗ್ ಮುಗಿದ ರಾತ್ರಿಯೇ ಯೂಟ್ಯೂಬ್‌ಗೆ ಹಾಕಿ, ವಾಟ್ಸಾಪ್ ಗ್ರೂಪುಗಳಿಗೆಲ್ಲ ಲಿಂಕ್ ಹಂಚಿ, ವಾರ ಕಳೆದ ಮೇಲೆ "ಇದನ್ನು ಯಾವ ಸ್ಪರ್ಧೆಗೆ ಕಳಿಸಬಹುದು?" ಅಂತ ಕೇಳುತ್ತಾರೆ. ಅಷ್ಟರಲ್ಲಿ ಅರ್ಧ ಬಾಗಿಲು ಮುಚ್ಚಿಯಾಗಿರುತ್ತದೆ.

ನನ್ನದು ಎಡಿಟಿಂಗ್ ಕೆಲಸ. ಹೊಸಬರ ಚಿತ್ರಗಳು ನನ್ನ ಕೈಗೆ ಬರುತ್ತಾ ಇರುತ್ತವೆ, ಅವು ಎಲ್ಲಿಗೆ ಹೋದವು, ಎಲ್ಲಿ ನಿಂತವು ಅಂತಲೂ ನೋಡುತ್ತಾ ಬಂದಿದ್ದೇನೆ. ಸ್ಪರ್ಧೆ ಆರಿಸುವಾಗ ಬಹುಮಾನದ ಮೊತ್ತವನ್ನು ಆಮೇಲೆ ನೋಡಿ. ನಿಮ್ಮ ಚಿತ್ರವನ್ನು ಯಾರು ನೋಡುತ್ತಾರೆ, ಎಲ್ಲಿ ಕೂತು ನೋಡುತ್ತಾರೆ, ಆಗ ನೀವು ಅಲ್ಲಿ ಇರಬಹುದಾ ಅನ್ನುವುದನ್ನು ಮೊದಲು ನೋಡಿ. ಕೆಳಗೆ ಬರೆದದ್ದೆಲ್ಲ ಈ ಲೆಕ್ಕದಲ್ಲೇ.

ಊರಿನದ್ದು, ಕಾಲೇಜಿನದ್ದು

ಮಂಗಳೂರು, ಮಣಿಪಾಲ, ಮೂಡುಬಿದಿರೆ, ಉಜಿರೆ. ಪತ್ರಿಕೋದ್ಯಮ ವಿಭಾಗ ಇರುವ ಕಾಲೇಜುಗಳು ನಮ್ಮಲ್ಲಿ ಒಂದರ ಪಕ್ಕ ಒಂದು ಇವೆ. ಮಾಧ್ಯಮ ಹಬ್ಬ ಮಾಡಿದಾಗ ಕಿರುಚಿತ್ರ ಸ್ಪರ್ಧೆಯೂ ಇರುವುದು ಮಾಮೂಲು. ಸಂಘ ಸಂಸ್ಥೆಗಳು, ಕ್ಲಬ್‌ಗಳು ನಡೆಸುವುದೂ ಉಂಟು. ಶುಲ್ಕ ಕಡಿಮೆ, ಕೆಲವು ಕಡೆ ಇಲ್ಲವೇ ಇಲ್ಲ. ಬಹುಮಾನವೂ ಅಷ್ಟಕ್ಕಷ್ಟೆ.

ಆದರೂ ಮೊದಲ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನಾನು ಹೇಳುತ್ತೇನೆ. ಹಾಲ್‌ನಲ್ಲಿ ಗೊತ್ತಿಲ್ಲದ ಜನರ ನಡುವೆ ಕೂತು ನಿಮ್ಮದೇ ಚಿತ್ರ ನೋಡಿದಾಗ ಕಲಿಯುವುದನ್ನು ಯಾವ ಟ್ಯುಟೋರಿಯಲ್ ಕೂಡ ಕಲಿಸುವುದಿಲ್ಲ. ಇಡೀ ಸಂಜೆ ಕಾದು ತೆಗೆದ ಸೂರ್ಯಾಸ್ತದ ಶಾಟ್ ಬರುವಾಗ ಮುಂದಿನ ಸಾಲಿನವರು ಮೊಬೈಲ್ ತೆಗೆದರೆ ಆ ಶಾಟ್ ಉದ್ದವಾಯಿತು ಅಂತಲೇ ಅರ್ಥ. ಇಯರ್‌ಫೋನ್‌ನಲ್ಲಿ ಸ್ಪಷ್ಟವಾಗಿದ್ದ ಮಾತು ಹಾಲ್‌ನ ಸ್ಪೀಕರ್‌ನಲ್ಲಿ ಫ್ಯಾನ್ ಸದ್ದಿನೊಳಗೆ ಮುಳುಗಿಹೋಗುತ್ತದೆ. ನಾಟಕದಿಂದ ಬಂದ ಕಲಾವಿದರು ಕೊನೆಯ ಸಾಲಿಗೂ ಕೇಳುವಂತೆ ಮಾತಾಡಿ ಅಭ್ಯಾಸ ಆದವರು. ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲಿ ಅದು ಸರಿ ಅನಿಸುತ್ತದೆ. ದೊಡ್ಡ ಪರದೆಯಲ್ಲಿ ಮುಖ ಎಂಟು ಅಡಿ ಆದಾಗ ಅದೇ ಅಭಿನಯ ಜಾಸ್ತಿಯಾಯಿತು ಅಂತ ನಿಮಗೇ ಗೊತ್ತಾಗುತ್ತದೆ.

ಕೊರತೆಯೂ ಉಂಟು. ತೀರ್ಪುಗಾರರು ಯಾರು ಅಂತ ಮೊದಲೇ ಹೇಳದಿದ್ದರೆ ಸಮಾರಂಭಕ್ಕೆ ಬಂದ ಅತಿಥಿಗಳೇ ತೀರ್ಪುಗಾರರೂ ಆಗಿರಬಹುದು, ಅವರು ಸಂದೇಶವನ್ನೇ ಹುಡುಕಬಹುದು. ವಿದ್ಯಾರ್ಥಿಗಳಿಗೆ ಮಾತ್ರ ಅಂತ ಇದ್ದರೆ ಗುರುತಿನ ಚೀಟಿ, ಕಾಲೇಜಿನ ಪತ್ರ ಬೇಕು. ತಂಡದಲ್ಲಿ ಒಬ್ಬರು ಹೊರಗಿನವರು ಇದ್ದರೂ ನಡೆಯುತ್ತದಾ ಅಂತ ಕೇಳಿಕೊಳ್ಳಿ. ಇನ್ನೊಂದು ಪ್ರಶ್ನೆಯನ್ನು ಫೋನ್ ಮಾಡಿಯೇ ಕೇಳಿ: ಬಂದ ಚಿತ್ರಗಳನ್ನು ಎಲ್ಲರಿಗೂ ತೋರಿಸುತ್ತೀರಾ, ಅಥವಾ ತೀರ್ಪುಗಾರರು ಕೋಣೆಯಲ್ಲಿ ನೋಡಿ ಹೆಸರು ಓದುವುದು ಮಾತ್ರವಾ? ಎರಡನೆಯದಾದರೆ ಊರಿನ ಸ್ಪರ್ಧೆಯ ಮುಖ್ಯ ಲಾಭವೇ ಹೋಯಿತು.

ವಿಷಯ ಕೊಟ್ಟು ಕರೆಯುವ ಸ್ಪರ್ಧೆಗಳು

ಮತದಾನ, ರಸ್ತೆ ಸುರಕ್ಷತೆ, ಮಾದಕ ವಸ್ತು, ಪ್ಲಾಸ್ಟಿಕ್. ಇಲಾಖೆಗಳು, ಆಯೋಗಗಳು ಇಂಥ ವಿಷಯ ಕೊಟ್ಟು ಚಿತ್ರ ಕೇಳುತ್ತವೆ. ಶುಲ್ಕ ಇರುವುದಿಲ್ಲ, ಬಹುಮಾನ ಮಾತ್ರ ಒಳ್ಳೆಯದೇ ಇರುತ್ತದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2015ರಿಂದ ನಡೆಸುತ್ತಿರುವ ಕಿರುಚಿತ್ರ ಸ್ಪರ್ಧೆಯನ್ನೇ ನೋಡಿ. ಮೊದಲ ಬಹುಮಾನ 2 ಲಕ್ಷ ರೂಪಾಯಿ, ಎರಡನೆಯದು 1.5 ಲಕ್ಷ, ಮೂರನೆಯದು 1 ಲಕ್ಷ. ಚಿತ್ರ 3ರಿಂದ 10 ನಿಮಿಷದ ಒಳಗೆ ಇರಬೇಕು. ಯಾವ ಭಾರತೀಯ ಭಾಷೆಯಾದರೂ ಆಗುತ್ತದೆ, ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಸಾಕು. ಯಾವುದೇ ಸ್ಪರ್ಧೆಯ ಆ ವರ್ಷದ ಪ್ರಕಟಣೆ ಬಂದಾಗ ನಿಯಮವನ್ನು ಇನ್ನೊಮ್ಮೆ ಓದಲೇಬೇಕು, ಹಳೆಯ ವರ್ಷದ್ದನ್ನು ನಂಬಿ ಶೂಟಿಂಗ್‌ಗೆ ಹೊರಡಬೇಡಿ.

ವಿಷಯ ನೋಡಿ ಕಥೆ ಹೆಣೆಯಲು ಕೂತರೆ ಬರುವುದು ಗೋಡೆ ಬರಹದಂಥ ಚಿತ್ರ. ಕುಡಿದು ಬೈಕ್ ಓಡಿಸಿದ, ಬಿದ್ದ, ಅಮ್ಮ ಅತ್ತರು, ಕೊನೆಗೆ ಬಿಳಿ ಅಕ್ಷರದಲ್ಲಿ ಒಂದು ಸಂದೇಶ. ತೀರ್ಪುಗಾರರ ಮುಂದೆ ಅಂಥವು ರಾಶಿ ಬಿದ್ದಿರುತ್ತವೆ. ನಿಮ್ಮಲ್ಲಿ ಮೊದಲೇ ಇದ್ದ ಕಥೆ ಆ ವಿಷಯಕ್ಕೆ ತಾನಾಗಿ ಹೊಂದಿಕೊಂಡರೆ ಮಾತ್ರ ಕಳಿಸಿ. ಮೀನು ಮಾರುವ ಅಮ್ಮ ಬಂದರಿನಲ್ಲಿ ಇಡೀ ದಿನ ಶೌಚಾಲಯಕ್ಕೆ ಹೋಗಲಾಗದೆ ನೀರು ಕುಡಿಯುವುದನ್ನೇ ಬಿಡುವ ಕಥೆ ನಿಮ್ಮ ಹತ್ತಿರ ಇದ್ದರೆ ಅದು ಮಾನವ ಹಕ್ಕಿನ ಚಿತ್ರವೇ. ಬೇರೆ ಸಂದೇಶ ಬರೆಯುವ ಅಗತ್ಯ ಇಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದದ್ದು ಹಕ್ಕಿನ ಬಗ್ಗೆ. "ಬಂದ ಚಿತ್ರಗಳನ್ನು ಜಾಗೃತಿಗಾಗಿ ಪ್ರದರ್ಶಿಸುವ ಅಧಿಕಾರ ಆಯೋಜಕರಿಗೆ ಇರುತ್ತದೆ" ಅಂತ ಇದ್ದರೆ ತೊಂದರೆ ಇಲ್ಲ. "ಬಂದ ಎಲ್ಲ ಚಿತ್ರಗಳೂ ಆಯೋಜಕರ ಸ್ವತ್ತು" ಅಂತ ಇದ್ದರೆ ಕತೆ ಬೇರೆ. ಅದರರ್ಥ ಸೋತರೂ ಚಿತ್ರ ನಿಮ್ಮದಲ್ಲ. ನಾಳೆ ಬೇರೆ ಉತ್ಸವಕ್ಕೆ ಕಳಿಸಲು, ಅದನ್ನೇ ದೊಡ್ಡದು ಮಾಡಿ ಬೆಳೆಸಲು ಅವರನ್ನೇ ಕೇಳಬೇಕು. ಸರ್ಕಾರಿ ಸ್ಪರ್ಧೆ ಮಾತ್ರ ಅಂತಲ್ಲ, ಯಾವುದಾದರೂ ಬ್ರ್ಯಾಂಡ್ ನಡೆಸುವ ಸ್ಪರ್ಧೆಯಲ್ಲೂ ಇದೇ ಸಾಲು ನಿಯಮಗಳ ನಡುವೆ ಎಲ್ಲೋ ಕೂತಿರುತ್ತದೆ. ಗೆದ್ದ ಚಿತ್ರದ ಹಕ್ಕು ಮಾತ್ರ ಕೇಳಿದರೆ, ಬಹುಮಾನದ ಮೊತ್ತ ಸರಿ ಇದ್ದರೆ, ಯೋಚಿಸಬಹುದು. ಸೋತವರದ್ದೂ ಬೇಕು ಅಂದರೆ ನಾನಂತೂ ಕಳಿಸಬೇಡಿ ಅಂತಲೇ ಹೇಳುವುದು.

ಗಂಟೆ ಎಣಿಸಿ ಮಾಡುವ ಸ್ಪರ್ಧೆಗಳು

48 ಅವರ್ ಫಿಲ್ಮ್ ಪ್ರಾಜೆಕ್ಟ್ 2001ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಶುರುವಾದದ್ದು, ಈಗ ಭಾರತದ ನಗರಗಳಲ್ಲೂ ನಡೆಯುತ್ತದೆ. ಶುಕ್ರವಾರ ಸಂಜೆ ಚೀಟಿ ಎತ್ತಿದರೆ ನಿಮ್ಮ ಚಿತ್ರ ಯಾವ ಬಗೆಯದ್ದಾಗಬೇಕು ಅಂತ ಗೊತ್ತಾಗುತ್ತದೆ. ಹಾಸ್ಯವೋ, ಪತ್ತೇದಾರಿಯೋ, ಇನ್ನೊಂದೋ. ಒಂದು ಪಾತ್ರ, ಒಂದು ವಸ್ತು, ಒಂದು ಸಾಲಿನ ಮಾತು ಎಲ್ಲ ತಂಡಗಳಿಗೂ ಒಂದೇ. ಅವು ಮೂರೂ ಚಿತ್ರದಲ್ಲಿ ಬರಬೇಕು. ಚಿತ್ರ 4ರಿಂದ 7 ನಿಮಿಷ. ಭಾನುವಾರ ಸಂಜೆ ಒಪ್ಪಿಸಬೇಕು. ನಮ್ಮ ದೇಶದ್ದೇ ಆದ ಇಂಡಿಯಾ ಫಿಲ್ಮ್ ಪ್ರಾಜೆಕ್ಟ್ 2011ರಲ್ಲಿ ಅಹಮದಾಬಾದ್‌ನಿಂದ ಶುರುವಾಯಿತು, ಅದರಲ್ಲಿ 50 ಗಂಟೆ ಸಮಯ. ಹವ್ಯಾಸಿಗಳಿಗೆ, ವೃತ್ತಿಪರರಿಗೆ, ಮೊಬೈಲ್‌ನಲ್ಲಿ ತೆಗೆಯುವವರಿಗೆ ಬೇರೆ ಬೇರೆ ವಿಭಾಗ ಮಾಡಿದ್ದರಿಂದ ಹೊಸಬರಿಗೆ ಅನುಕೂಲ. ನಿಮ್ಮ ಊರಲ್ಲೇ ಕೂತು ಚಿತ್ರ ಮಾಡಿ ಆನ್‌ಲೈನಲ್ಲಿ ಕಳಿಸಬಹುದು.

ಯಾರಿಗೆ ಇದು? ವರ್ಷಗಟ್ಟಲೆ ಸ್ಕ್ರಿಪ್ಟ್ ತಿದ್ದುತ್ತಲೇ ಇರುವವರಿಗೆ. ವಾರವಿಡೀ ಕೆಲಸಕ್ಕೆ ಹೋಗಿ ವಾರದ ಕೊನೆಯಲ್ಲಿ ಮಾತ್ರ ಸಿಗುವ ಗೆಳೆಯರ ಗುಂಪಿಗೆ. ಹೇಗಾದರೂ ಮಾಡಿ ಒಂದು ಚಿತ್ರ ಮುಗಿಯುತ್ತದೆ, ಮುಗಿಸುವ ಅಭ್ಯಾಸ ಆಗುತ್ತದೆ. ಚಿತ್ರ ಅದ್ಭುತವಾಗಿರಬೇಕು ಅಂತ ಹಟ ಇರುವವರು ದೂರ ಇರಿ.

ಕರಾವಳಿಯಲ್ಲಿ ಇದಕ್ಕೆ ಇಳಿಯುವುದಾದರೆ ಒಂದೆರಡು ಮಾತು. ಬೀಚಿಗೆ ಹೋಗಬೇಡಿ. ಗಾಳಿ ಮೈಕನ್ನು ತಿನ್ನುತ್ತದೆ, ಅಲೆಯ ಸದ್ದು ಒಂದು ಶಾಟಿಂದ ಇನ್ನೊಂದಕ್ಕೆ ಹೊಂದುವುದಿಲ್ಲ, ಸಂಜೆಗೆ ಜನ ತುಂಬುತ್ತಾರೆ, ಅದನ್ನೆಲ್ಲ ಡಬ್ ಮಾಡಿ ಸರಿ ಮಾಡಲು 50 ಗಂಟೆಯಲ್ಲಿ ಪುರುಸೊತ್ತು ಎಲ್ಲಿಂದ ಬರಬೇಕು? ಬಂದರು, ವಿಮಾನ ನಿಲ್ದಾಣದ ಸುತ್ತಮುತ್ತ ಡ್ರೋನ್ ಹಾರಿಸುವ ಆಸೆಯನ್ನೂ ಬಿಡಿ, ಅನುಮತಿ ಎರಡು ದಿನದಲ್ಲಿ ಸಿಗುವಂಥದ್ದಲ್ಲ. ಮನೆ, ಅಂಗಳ, ಗೆಳೆಯನ ಅಂಗಡಿ ಸಾಕು. ಮಳೆಗಾಲದಲ್ಲಿ ಶೀಟ್ ಹಾಕಿದ ಮನೆ ಬೇಡ, ಮಾತು ಒಂದಕ್ಷರ ಕೇಳುವುದಿಲ್ಲ.

ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಮೊಬೈಲ್‌ನಲ್ಲಿ ತೆಗೆದರೆ ಗೋಡೆಯ ಮೇಲೆ ಬೆಳಕಿನ ಪಟ್ಟೆ ಸರಿದಾಡುವುದನ್ನು ನೋಡಿರುತ್ತೀರಿ. ನಮ್ಮ ಕರೆಂಟು 50 ಹರ್ಟ್ಜ್‌ನದ್ದು, ಮೊಬೈಲ್ ತಾನಾಗಿ ಆರಿಸುವ ಶಟರ್ ಅದಕ್ಕೆ ಹೊಂದದೆ ಹೀಗಾಗುವುದು. ಕ್ಯಾಮೆರಾ ಆ್ಯಪ್‌ನಲ್ಲಿ ಕೈಯಾರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ, ಪಟ್ಟೆ ಹೋಗುತ್ತದೆ. ಎಡಿಟಿಂಗ್‌ನಲ್ಲಿ ಇದನ್ನು ತೆಗೆಯುವುದು ದೊಡ್ಡ ತಲೆನೋವು, ಶೂಟಿಂಗ್‌ನಲ್ಲಿ ಅರ್ಧ ನಿಮಿಷದ ಕೆಲಸ. ಮತ್ತೆ, ಕೊನೆಯ ಮೂರು ಗಂಟೆಯನ್ನು ಎಕ್ಸ್‌ಪೋರ್ಟ್‌ಗೆ, ಅಪ್‌ಲೋಡ್‌ಗೆ ಅಂತಲೇ ಇಟ್ಟುಕೊಳ್ಳಿ. ಮನೆ ಘಟ್ಟದ ಬುಡದಲ್ಲಿದ್ದು ನೆಟ್‌ವರ್ಕ್ ಕಡಿಮೆ ಇದ್ದರೆ ಪೇಟೆಯಲ್ಲಿ ಯಾರ ಮನೆಗೆ ಹೋಗುವುದು ಅಂತ ಮೊದಲೇ ಮಾತಾಡಿಡಿ.

ದೊಡ್ಡ ಉತ್ಸವಗಳು

ನಮಗೆ ಹತ್ತಿರದ್ದು, ಕೈಗೆಟುಕುವಂಥದ್ದು ಅಂದರೆ ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ. 2010ರಿಂದ ನಡೆಯುತ್ತಿದೆ. ಅಲ್ಲಿ ಗೆದ್ದ ಚಿತ್ರ ಆಸ್ಕರ್‌ನ ಕಿರುಚಿತ್ರ ವಿಭಾಗಕ್ಕೆ ಅರ್ಹತೆ ಪಡೆಯಬಹುದು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನಿಸುವುದು ಅದಕ್ಕಿಂತ ಅಲ್ಲಿನ ಕರ್ನಾಟಕ ವಿಭಾಗ. ಜಗತ್ತಿನ ಚಿತ್ರಗಳ ಜೊತೆ ನೇರ ಪೈಪೋಟಿ ಮಾಡದೆ, ನಮ್ಮ ರಾಜ್ಯದವರ ನಡುವೆ ನಿಮ್ಮ ಚಿತ್ರ ಎಲ್ಲಿ ನಿಲ್ಲುತ್ತದೆ ಅಂತ ನೋಡಬಹುದು.

ಕೇರಳದ್ದನ್ನು ಇಲ್ಲಿನವರು ಯಾಕೋ ಮರೆಯುತ್ತಾರೆ. ಕೇರಳ ರಾಜ್ಯ ಚಲಚ್ಚಿತ್ರ ಅಕಾಡೆಮಿ 2008ರಿಂದ ತಿರುವನಂತಪುರದಲ್ಲಿ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳಿಗೆ ಅಂತಲೇ ಅಂತರರಾಷ್ಟ್ರೀಯ ಉತ್ಸವ ನಡೆಸುತ್ತಿದೆ. ಸಂಜೆ ಮಂಗಳೂರು ಸೆಂಟ್ರಲ್‌ನಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಅಲ್ಲಿ ಇಳಿಯಬಹುದು. ಚಿತ್ರ ಆಯ್ಕೆ ಆಗಲಿ ಬಿಡಲಿ, ಒಮ್ಮೆ ಪ್ರೇಕ್ಷಕರಾಗಿ ಹೋಗಿ ಬನ್ನಿ ಮಾರಾಯ್ರೆ. ಕಿರುಚಿತ್ರ ನೋಡಲು ಜನ ಸಾಲು ನಿಂತದ್ದು ಕಂಡರೆ ಮಾಡುವ ಉಮೇದು ಬೇರೆಯೇ ಆಗುತ್ತದೆ. ಮುಂಬೈಯ ಅಂತರರಾಷ್ಟ್ರೀಯ ಚಿತ್ರೋತ್ಸವ ಮಿಫ್ 1990ರಲ್ಲಿ ಶುರುವಾದದ್ದು, ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಸಾಕ್ಷ್ಯಚಿತ್ರ, ಆ್ಯನಿಮೇಷನ್ ಮಾಡುವವರು ಅದನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ. ರಾಷ್ಟ್ರಪ್ರಶಸ್ತಿಯ ನಾನ್ ಫೀಚರ್ (ಕಿರುಚಿತ್ರ, ಸಾಕ್ಷ್ಯಚಿತ್ರಗಳ) ವಿಭಾಗಕ್ಕೆ ಸೆನ್ಸಾರ್ ಸರ್ಟಿಫಿಕೇಟ್ ಬೇಕೇ ಬೇಕು. ಆ ಖರ್ಚು, ಓಡಾಟ ಮೊದಲ ಚಿತ್ರಕ್ಕೆ ಬೇಡ.

ದೊಡ್ಡ ಉತ್ಸವಕ್ಕೆ ಹೋಗುವ ಮನಸ್ಸಿದ್ದರೆ ಯೂಟ್ಯೂಬ್ ಆಸೆಯನ್ನು ತಡೆದುಕೊಳ್ಳಬೇಕು. ಆನ್‌ಲೈನಲ್ಲಿ ಎಲ್ಲರಿಗೂ ಸಿಗುವ ಚಿತ್ರವನ್ನು ಹಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ, ಕೆಲವಕ್ಕೆ ತಮ್ಮಲ್ಲೇ ಮೊದಲ ಪ್ರದರ್ಶನ ಆಗಬೇಕು. ಕಲಾವಿದರಿಗೆ, ಮನೆಯವರಿಗೆ ತೋರಿಸಲು ಪಾಸ್‌ವರ್ಡ್ ಇರುವ ವಿಮಿಯೋ (ವಿಡಿಯೋ ಇಡುವ ತಾಣ) ಲಿಂಕ್ ಮಾಡಿ. ಇದನ್ನು ತಂಡದ ಎಲ್ಲರಿಗೂ ಶೂಟಿಂಗ್‌ಗೆ ಮೊದಲೇ ಹೇಳಿ. ನಟಿಸಿದವರಿಗೆ ತಮ್ಮ ಚಿತ್ರ ನಾಲ್ಕು ಜನರಿಗೆ ತೋರಿಸಬೇಕು ಅನ್ನುವ ಆಸೆ ಸಹಜ, ಅಲ್ವಾ? ಹೇಳದಿದ್ದರೆ ಯಾರಾದರೂ ಇಡೀ ಚಿತ್ರವನ್ನೇ ಫೇಸ್‌ಬುಕ್‌ಗೆ ಹಾಕಿಬಿಡುತ್ತಾರೆ.

ಉದ್ದದ ವಿಷಯ. ಆಸ್ಕರ್ ಲೆಕ್ಕದಲ್ಲಿ ಟೈಟಲ್ ಸೇರಿ 40 ನಿಮಿಷದ ತನಕ ಕಿರುಚಿತ್ರವೇ. ಕಾನ್‌ ಉತ್ಸವದ ಕಿರುಚಿತ್ರ ಸ್ಪರ್ಧೆಯಲ್ಲಿ ಟೈಟಲ್ ಸೇರಿ 15 ನಿಮಿಷವೇ ಗಡಿ. ಉತ್ಸವದವರು ಒಂದೂವರೆ ಗಂಟೆಯ ಒಂದು ಪ್ರದರ್ಶನಕ್ಕೆ ಹಲವು ಚಿತ್ರ ಜೋಡಿಸಬೇಕು. ನಿಮ್ಮ 28 ನಿಮಿಷದ ಚಿತ್ರಕ್ಕೆ ಜಾಗ ಕೊಡಲು ಅವರು ಎರಡು ಒಳ್ಳೆಯ ಸಣ್ಣ ಚಿತ್ರ ಬಿಡಬೇಕಾಗುತ್ತದೆ. ಅದಕ್ಕೇ 10, 12 ನಿಮಿಷದಲ್ಲಿ ಕಥೆ ಮುಗಿದರೆ ಅವಕಾಶ ಜಾಸ್ತಿ. ನಮ್ಮಲ್ಲಿ ಶುರುವಿನ ಕೃತಜ್ಞತೆಯ ಸ್ಲೈಡುಗಳೇ ಒಂದು ನಿಮಿಷ ತಿನ್ನುತ್ತವೆ. ಅವನ್ನೆಲ್ಲ ಕೊನೆಗೆ ಹಾಕಿ.

ಭಾಷೆಯ ಹೆದರಿಕೆ ಬೇಡ. 2011ನೇ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರ ಗೌರವ ಹಂಚಿಕೊಂಡದ್ದು ಬ್ಯಾರಿ ಭಾಷೆಯ ಸಿನಿಮಾ. ತುಳು, ಕೊಂಕಣಿ, ಕುಂದಾಪುರದ ಕನ್ನಡ, ಪಾತ್ರ ಏನು ಮಾತಾಡುತ್ತದೋ ಅದರಲ್ಲೇ ಮಾಡಿ. ಕೆಲಸ ಮಾಡಬೇಕಾದದ್ದು ಸಬ್‌ಟೈಟಲ್ ಮೇಲೆ. ಹೊಸಬರು ಅದನ್ನು ಕೊನೆಯ ರಾತ್ರಿ ಅವಸರದಲ್ಲಿ ಮುಗಿಸುತ್ತಾರೆ, ಎಷ್ಟೋ ಒಳ್ಳೆಯ ಚಿತ್ರಗಳು ಅಲ್ಲೇ ಬಿದ್ದುಹೋಗುತ್ತವೆ. ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಬೇಡ, ಒಂದು ಸಾಲಿನಲ್ಲಿ 40 ಅಕ್ಷರದ ಹತ್ತಿರ ನಿಲ್ಲಿಸಿ. ಮಾತು ಶುರುವಾಗುವಾಗ ಬರಲಿ, ಶಾಟ್ ಬದಲಾಗುವಾಗ ಹೋಗಲಿ. ಬೈಗುಳ, ಗಾದೆಗಳನ್ನು ಶಬ್ದಕ್ಕೆ ಶಬ್ದ ಇಂಗ್ಲಿಷ್ ಮಾಡಬೇಡಿ, ಸನ್ನಿವೇಶದಲ್ಲಿ ಅದರ ಕೆಲಸ ಏನೋ ಅದನ್ನು ಬರೆಯಿರಿ. ಮಣಿಪಾಲದ ಹಾಸ್ಟೆಲುಗಳಲ್ಲಿ ದೇಶದ ಎಲ್ಲ ಕಡೆಯ ಮಕ್ಕಳು ಇದ್ದಾರೆ. ತುಳು, ಕನ್ನಡ ಎರಡೂ ಬಾರದ ಒಬ್ಬರನ್ನು ಕೂರಿಸಿ ತೋರಿಸಿ. ಆಮೇಲೆ ಕಥೆ ಹೇಳಿ ಅನ್ನಿ. ಅವರು ತಪ್ಪು ಹೇಳಿದ ಜಾಗದಲ್ಲಿ ಸಬ್‌ಟೈಟಲ್ ತಿದ್ದಿ. ಅಕ್ಷರ ಚಿತ್ರದ ಮೇಲೆಯೇ ಅಂಟಿಸಿದ ಒಂದು ಪ್ರತಿ, ಅಕ್ಷರ ಇಲ್ಲದ ಒಂದು ಪ್ರತಿ, ಜೊತೆಗೆ ಎಸ್‌ಆರ್‌ಟಿ ಫೈಲ್ (ಸಬ್‌ಟೈಟಲ್ ಮಾತ್ರ ಇರುವ ಫೈಲ್), ಮೂರೂ ಇರಲಿ.

ಹಾಡಿನ ವಿಷಯದಲ್ಲಿ ಬಿಗಿಯಾಗಿರಿ. ಸಿನಿಮಾ ಹಾಡು ಹಿನ್ನೆಲೆಯಲ್ಲಿ ರೇಡಿಯೋದಲ್ಲಿ ಬಂದರೂ ಅನುಮತಿ ಬೇಕು. ಯಕ್ಷಗಾನದ ಪ್ರಸಂಗ ಎಷ್ಟೇ ಹಳೆಯದಿರಲಿ, ನೀವು ಬಳಸುವ ಧ್ವನಿಮುದ್ರಣ ಆ ಭಾಗವತರದ್ದು, ಅದನ್ನು ಹೊರತಂದವರದ್ದು. ಗೊತ್ತಿರುವ ಭಾಗವತರೊಬ್ಬರ ಹತ್ತಿರ ಎರಡು ಪದ ಹೊಸದಾಗಿ ಹಾಡಿಸಿ, ಸಂಭಾವನೆ ಕೊಟ್ಟು, ಕಾಗದದಲ್ಲಿ ಸಹಿ ತೆಗೆದುಕೊಂಡರೆ ಮುಗಿಯಿತು. ಕೋಲ, ನೇಮದ ದೃಶ್ಯ ಬೇಕು ಅನಿಸಿದರೆ ಆ ಮನೆತನದವರನ್ನು, ದೈವ ಕಟ್ಟುವವರನ್ನು ಕೇಳದೆ ಕ್ಯಾಮೆರಾ ತೆಗೆಯಲೇಬೇಡಿ. ಅದು ಅವರ ನಂಬಿಕೆ, ನಮ್ಮ ಚಿತ್ರಕ್ಕೆ ಸಿಗುವ ಅಲಂಕಾರ ಅಂತ ನೋಡಬಾರದು.

ಶುಲ್ಕ ಇನ್ನೊಂದು. ಹೆಚ್ಚಿನ ಉತ್ಸವಗಳಿಗೆ ಫಿಲ್ಮ್‌ಫ್ರೀವೇ ಅನ್ನುವ ವೆಬ್‌ಸೈಟ್ ಮೂಲಕ ಕಳಿಸಬೇಕಾಗುತ್ತದೆ, ಮೊತ್ತ ಡಾಲರ್‌ನಲ್ಲಿ ಇರುವುದೇ ಜಾಸ್ತಿ. ಬೇಗ ಕಳಿಸಿದರೆ ಕಡಿಮೆ, ಗಡುವು ಹತ್ತಿರ ಬಂದಷ್ಟೂ ಏರುತ್ತದೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇರುವ ಕಡೆ ಅದನ್ನು ಕೇಳಿ. ನಿಮ್ಮ ಡೆಬಿಟ್ ಕಾರ್ಡಿನಲ್ಲಿ ವಿದೇಶಿ ಪಾವತಿ ಆನ್ ಆಗಿದೆಯಾ ಅಂತ ಗಡುವಿನ ದಿನ ನೋಡುವ ಬದಲು ಈಗಲೇ ನೋಡಿ. ಒಟ್ಟು ಚಿತ್ರದ ಖರ್ಚಿನಲ್ಲಿ ಒಂದು ಪಾಲು ಇದಕ್ಕೆ ಅಂತ ಶುರುವಲ್ಲೇ ತೆಗೆದಿಡಿ. ಆಯ್ಕೆ ಆಗದಿದ್ದರೆ ಎರಡು ಸಾಲಿನ ಮೇಲ್ ಬರುತ್ತದೆ, ಕಾರಣ ಇರುವುದಿಲ್ಲ. ಇದೇ ಊರಿನ ಸ್ಪರ್ಧೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ. ಮೊದಲ ಚಿತ್ರವನ್ನು ನೇರ ಇಲ್ಲಿಗೆ ಕಳಿಸಿ, ಐದಾರು ಕಡೆಯಿಂದ ಅಂಥ ಮೇಲ್ ಬಂದು, ಎಲ್ಲಿ ಎಡವಿದೆ ಅಂತಲೂ ತಿಳಿಯದೆ ಕ್ಯಾಮೆರಾ ಮೂಲೆಗಿಟ್ಟವರು ಇದ್ದಾರೆ. ಅವರು ಬಿಡಬಾರದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ದುಡ್ಡು ಕೊಟ್ಟರೆ ಸಿಗುವ ಪ್ರಶಸ್ತಿ, ಲೈಕ್ ಎಣಿಸುವ ಸ್ಪರ್ಧೆ

ತಿಂಗಳಿಗೊಮ್ಮೆ ಫಲಿತಾಂಶ, ಪ್ರದರ್ಶನ ಎಲ್ಲೂ ಇಲ್ಲ, ವಿಭಾಗಗಳು ಎಣಿಸಿ ಮುಗಿಯುವುದಿಲ್ಲ, ಒಂದೊಂದು ವಿಭಾಗಕ್ಕೂ ಬೇರೆ ಶುಲ್ಕ, ಗೆದ್ದರೆ ಟ್ರೋಫಿಗೆ ಮತ್ತೆ ದುಡ್ಡು. ಹೀಗಿದ್ದರೆ ಅದು ವ್ಯಾಪಾರ. ಪೋಸ್ಟರ್ ಮೇಲೆ ಪ್ರಶಸ್ತಿ, ಆಯ್ಕೆ ತೋರಿಸುವ ಎಲೆಗಳ ಚಿಹ್ನೆ ಸಾಲಾಗಿ ಕಾಣಬಹುದು, ಆದರೆ ಚಿತ್ರೋತ್ಸವದವರಿಗೆ ಅವುಗಳ ಬೆಲೆ ಗೊತ್ತಿರುತ್ತದೆ. ಇದಕ್ಕೆ ಹಾಕುವ ದುಡ್ಡಿನಲ್ಲಿ ಒಂದು ಒಳ್ಳೆಯ ಕಾಲರ್ ಮೈಕ್ ಬರುತ್ತದೆ.

ಲೈಕ್, ವ್ಯೂ ನೋಡಿ ಬಹುಮಾನ ಕೊಡುವುದು ಇನ್ನೊಂದು ಬಗೆ. ಅಂಥದ್ದಕ್ಕೆ ಹೋದ ಒಂದು ತಂಡ ವಾರವಿಡೀ ನೆಂಟರಿಷ್ಟರಿಗೆ ಫೋನ್ ಮಾಡಿ ಲೈಕ್ ಕೇಳುವುದರಲ್ಲೇ ಸುಸ್ತಾದದ್ದನ್ನು ನೋಡಿದ್ದೇನೆ. ಅವರ ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಆಯೋಜಕರ ಚಾನೆಲ್‌ಗೆ ಸಬ್‌ಸ್ಕ್ರೈಬರ್ ಸಿಕ್ಕಿದರು, ತಂಡಕ್ಕೆ ಏನೂ ಸಿಗಲಿಲ್ಲ.

ಚಿತ್ರದ ಬದಲು ನಿಮ್ಮನ್ನೇ ಆರಿಸುವ ದಾರಿ

ಗೋವಾದ ಇಫಿಯಲ್ಲಿ (ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ) 2021ರಲ್ಲಿ ಶುರುವಾದ ಕಾರ್ಯಕ್ರಮ ಇದು, ಹೆಸರು ಕ್ರಿಯೇಟಿವ್ ಮೈಂಡ್ಸ್ ಆಫ್ ಟುಮಾರೋ. ಸ್ವಾತಂತ್ರ್ಯದ 75ನೇ ವರ್ಷದ ನೆನಪಿಗೆ 75 ಯುವ ಪ್ರತಿಭೆಗಳನ್ನು ಆರಿಸುತ್ತಿದ್ದರು, 2024ರಲ್ಲಿ ಅದನ್ನು 100ಕ್ಕೆ ಏರಿಸಿದರು. ನಿರ್ದೇಶನ ಮಾತ್ರ ಅಲ್ಲ, ಛಾಯಾಗ್ರಹಣ, ಸಂಕಲನ, ಧ್ವನಿ, ಚಿತ್ರಕಥೆ ಹೀಗೆ ಒಬ್ಬೊಬ್ಬರ ಕೆಲಸ ನೋಡಿ ಆರಿಸುತ್ತಾರೆ. ಆಯ್ಕೆಯಾದವರು ಗೋವಾದಲ್ಲಿ ತಂಡ ಕಟ್ಟಿಕೊಂಡು 48 ಗಂಟೆಯಲ್ಲಿ ಚಿತ್ರ ಮಾಡಬೇಕು. ಉಡುಪಿಯಿಂದ ಕೊಂಕಣ ರೈಲಿನಲ್ಲಿ ಮಡಗಾಂವ್ ಎಷ್ಟು ದೂರ ಹೇಳಿ? ಸೌಂಡ್ ಮಾಡುವವರು, ಎಡಿಟ್ ಮಾಡುವವರು ನಮ್ಮಲ್ಲಿ ಯಾವಾಗಲೂ ನಿರ್ದೇಶಕರ ಹಿಂದೆಯೇ ಉಳಿಯುತ್ತಾರೆ. ನೀವು ಅವರಲ್ಲಿ ಒಬ್ಬರಾಗಿದ್ದರೆ ಉಳಿದ ಸ್ಪರ್ಧೆಗಳಿಗಿಂತ ಇದಕ್ಕೇ ಅರ್ಜಿ ಹಾಕಿ ಅನ್ನುತ್ತೇನೆ.

ಈಗ ಕೈಯಲ್ಲಿ ಒಂದು ಚಿತ್ರ ಇದ್ದು ಏನು ಮಾಡುವುದು ಅಂತ ಕೂತವರಿಗೆ: ಯೂಟ್ಯೂಬ್‌ನಲ್ಲಿ ಆಗಲೇ ಬಂದಿದ್ದರೆ ಊರಿನ ಸ್ಪರ್ಧೆ ನೋಡಿ, ಅಲ್ಲಿ ಸಾಮಾನ್ಯವಾಗಿ ಅಡ್ಡಿ ಇರುವುದಿಲ್ಲ. ಮುಂದಿನದ್ದಕ್ಕೆ ಗಂಟೆ ಲೆಕ್ಕದ ಸ್ಪರ್ಧೆ ಹಿಡಿಯಿರಿ. ಇನ್ನೂ ಹಾಕಿಲ್ಲವಾದರೆ ಒಂದು ವರ್ಷದ ಗಡಿ ಹಾಕಿಕೊಳ್ಳಿ. ಆ ವರ್ಷದಲ್ಲಿ ಬೆಂಗಳೂರು, ತಿರುವನಂತಪುರ ಸೇರಿಸಿ ನಾಲ್ಕೈದು ಉತ್ಸವಕ್ಕೆ ಬೇಗನೆ ಕಳಿಸಿ, ನಡುವೆ ಊರಲ್ಲಿ ಒಂದು ಪ್ರದರ್ಶನ ಇರಲಿ. ಆದರೆ ಮೊದಲ ಪ್ರದರ್ಶನ ಕೇಳುವ ಉತ್ಸವದ ಉತ್ತರ ಬರುವ ತನಕ ಅದನ್ನು ತಡೆಯಿರಿ. ವರ್ಷ ಮುಗಿದ ಮೇಲೆ ಸಬ್‌ಟೈಟಲ್ ಫೈಲ್ ಸಮೇತ ಯೂಟ್ಯೂಬ್‌ಗೆ ಹಾಕಿ, ತಂಡದ ಎಲ್ಲರ ಹೆಸರು ಕೆಳಗೆ ಸರಿಯಾಗಿ ಬರೆಯಿರಿ.